ಶೂನ್ಯ ಬರಬೇಕಾದ ಸಾಲು

ದೊಡ್ಡಪ್ಪ ತೀರಿಕೊಂಡ ಮರುವರ್ಷ ದಾವಣಗೆರೆಯ ಮನೆಯ ಅಟ್ಟ ಖಾಲಿ ಮಾಡುವಾಗ ಕಬ್ಬಿಣದ ಟ್ರಂಕೊಂದನ್ನು ಕೆಳಗಿಳಿಸಿದೆವು. ಒಳಗೆ ಟ್ರೇಸಿಂಗ್ ಪೇಪರಿನ ಸುರುಳಿಗಳು, ಐದೂಕಾಲು ಇಂಚಿನ ಫ್ಲಾಪಿಗಳ ಡಬ್ಬಿ, ಎರಡೂ ಅಂಚಿಗೆ ತೂತುಗಳಿರುವ ಡಾಟ್ ಮ್ಯಾಟ್ರಿಕ್ಸ್ ಕಾಗದದ ದಪ್ಪ ಕಟ್ಟು. ಅವರು ಸಿವಿಲ್ ಎಂಜಿನಿಯರ್. ಸುತ್ತಲಿನ ಹಳ್ಳಿಗಳಿಗೆ ನೀರಿನ ಟ್ಯಾಂಕುಗಳ ಡಿಸೈನ್ ಮಾಡಿಕೊಡುತ್ತಿದ್ದರು. ಊರ ಹೊರಗೆ ಕಂಬಗಳ ಮೇಲೆ ನಿಂತಿರುತ್ತದಲ್ಲ, ಮೇಲೊಂದು ಗುಮ್ಮಟ, ಕೆಳಗೆ ಒಳಮುಖವಾಗಿ ಇಳಿಜಾರಾದ ಗೋಡೆ, ತಳದಲ್ಲಿ ಇನ್ನೊಂದು ಗುಮ್ಮಟ, ಆ ಇಂಟ್ಜೆ ಮಾದರಿಯ ಟ್ಯಾಂಕು. ಅದರ ಲೆಕ್ಕಕ್ಕೆಂದು ಟರ್ಬೋ ಪ್ಯಾಸ್ಕಲ್ 5.5ರಲ್ಲಿ ಅವರೇ ಒಂದು ಪ್ರೋಗ್ರಾಂ ಬರೆದಿದ್ದರು.

ಕಟ್ಟಿನ ಮೇಲಿದ್ದ ಹಾಳೆ 2 ಲಕ್ಷ ಲೀಟರಿನ ಒಂದು ಟ್ಯಾಂಕಿನದು. ಗುಮ್ಮಟದ ಕೋನ, ರಿಂಗ್ ಬೀಮಿನ ಎಳೆತ, ಕಂಬಗಳ ಮೇಲಿನ ಭಾರ, ಎಲ್ಲ ಸಾಲಾಗಿ ಇದ್ದವು. ಕಟ್ಟಕಡೆಯಲ್ಲಿ ‘ಚೆಕ್’ ಎಂಬ ಒಂದು ಸಾಲು. ಟ್ಯಾಂಕಿನ ಒಟ್ಟು ತೂಕದಿಂದ ಕಂಬಗಳು ಹೊರುವ ಒಟ್ಟು ಭಾರವನ್ನು ಕಳೆದರೆ ಏನು ಉಳಿಯುತ್ತದೆ ಎಂಬುದು ಅಲ್ಲಿ ಅಚ್ಚಾಗಿತ್ತು. ಉಳಿಯಬೇಕಾದದ್ದು ಸೊನ್ನೆ. ಹಾಳೆಯ ಮೇಲಿದ್ದದ್ದು 2.77555756156289 × 10⁻¹⁷ ಟನ್. ಪಕ್ಕದಲ್ಲಿ ದೊಡ್ಡಪ್ಪನ ಕೆಂಪು ಪೆನ್ಸಿಲಿನ ಸರಿ ಗುರುತು.

ಅವರ ಮಟ್ಟಿಗೆ ಅದು ಸೊನ್ನೆಯೇ. ಒಂದು ಮರಳಿನ ಕಣ ಕೂಡ ಅದಕ್ಕಿಂತ ಎಷ್ಟೋ ಭಾರ. ನಾನು ಎಂಬೆಡೆಡ್ ಸಾಫ್ಟ್‌ವೇರ್ ಕೆಲಸದವನು. ನನ್ನ ಕಣ್ಣಿಗೆ ಆ ಸಂಖ್ಯೆ ಬೇರೆ ಥರ ಕಂಡಿತು. ಅದು ಸರಿಯಾಗಿ 2⁻⁵⁵. ತೂಕ ಮುನ್ನೂರು ಚಿಲ್ಲರೆ ಟನ್ ಇದ್ದು, ಲೆಕ್ಕ 64 ಬಿಟ್ ನಿಖರತೆಯಲ್ಲಿ ನಡೆದಿದ್ದರೆ, ಕೊನೆಯ ಒಂದೇ ಒಂದು ಬಿಟ್‌ನ ಬೆಲೆ ಅಷ್ಟಾಗುತ್ತದೆ. ಅಂದರೆ ಆ ಸಾಲು ಟ್ಯಾಂಕಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಲೆಕ್ಕ ಮಾಡಿದ ಯಂತ್ರ ದಾರಿಯುದ್ದಕ್ಕೂ ಎಲ್ಲೆಲ್ಲಿ ಹೇಗೆ ದುಂಡು ಮಾಡಿತು ಎಂಬುದರ ಹೆಬ್ಬೆಟ್ಟಿನ ಗುರುತು ಅದು. ಮಿಕ್ಕೆಲ್ಲ ಸಾಲುಗಳನ್ನು ಯಾವ ಕಂಪ್ಯೂಟರ್ ಬೇಕಾದರೂ ಹಾಗೇ ಅಚ್ಚು ಹಾಕೀತು. ಈ ಸಾಲು ಮಾತ್ರ ಹಾಗಲ್ಲ.

ಫ್ಲಾಪಿಗಳಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಪುಣ್ಯಕ್ಕೆ ಪ್ರೋಗ್ರಾಂ ಇದ್ದದ್ದು ಓದಲು ಬಂತು. ಲ್ಯಾಪ್‌ಟಾಪಿನಲ್ಲಿ ಒಂದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್, ಹಾಕಿ ಅದೇ ಟ್ಯಾಂಕಿನ ಅಳತೆಗಳನ್ನು ಕೊಟ್ಟೆ. ಚೆಕ್ ಸಾಲಿನಲ್ಲಿ 5.68434188608080 × 10⁻¹⁴ ಬಂತು. ಸಾವಿರ ಪಟ್ಟಿಗೂ ಮಿಕ್ಕಿದ ವ್ಯತ್ಯಾಸ, ಆದರೆ ಕಾರಣ ತಿಳಿಯಲು ಕಷ್ಟವಾಗಲಿಲ್ಲ. ಅದು 2⁻⁴⁴, ಅಂದರೆ 53 ಬಿಟ್‌ನ ಲೆಕ್ಕದಲ್ಲಿ ಕೊನೆಯ ಬಿಟ್‌ನ ಬೆಲೆ. ಇಂಟೆಲ್‌ನ ಹಳೆಯ ಮ್ಯಾಥ್ ಕೋಪ್ರೊಸೆಸರುಗಳು, ಅಂದರೆ ಮುಖ್ಯ ಪ್ರೊಸೆಸರಿನ ಪಕ್ಕ ಕೂತು ಇಂಥ ಲೆಕ್ಕಗಳನ್ನಷ್ಟೇ ಮಾಡುವ ಚಿಪ್ಪುಗಳು, ಒಳಗೆ ಪ್ರತಿ ಸಂಖ್ಯೆಯನ್ನೂ 80 ಬಿಟ್‌ಗಳಲ್ಲಿ ಇಟ್ಟುಕೊಳ್ಳುತ್ತವೆ: ಚಿಹ್ನೆಗೆ 1, ಘಾತಕ್ಕೆ 15, ಅಂಕಿಗಳಿಗೆ 64. ಇಂದಿನ ಪ್ರೋಗ್ರಾಮುಗಳು ಸಾಮಾನ್ಯವಾಗಿ ಬಳಸುವ ‘ಡಬಲ್’ 64 ಬಿಟ್‌ನದು, ಅದರಲ್ಲಿ ಅಂಕಿಗಳಿಗೆ ಸಿಗುವುದು 53. ವೇಗ ಬೇಕೆಂದು ಆ ಎಮ್ಯುಲೇಟರ್ 80ರ ಕೆಲಸವನ್ನು 64ರಲ್ಲೇ ಮುಗಿಸುತ್ತಿತ್ತು. ಪಿಯುಸಿಯಲ್ಲಿ ನಾಲ್ಕಂಕಿಯ ಲಾಗ್ ಟೇಬಲ್ ಹಿಡಿದು ಲೆಕ್ಕ ಮಾಡಿದವರಿಗೆ ಇದು ಗೊತ್ತು. ಏಳಂಕಿಯ ಟೇಬಲ್ ಇಟ್ಟುಕೊಂಡ ಗೆಳೆಯನಿಗೂ ನಮಗೂ ಉತ್ತರದ ಮೊದಲರ್ಧ ಒಂದೇ, ಬಾಲ ಬೇರೆ.

ಆಟ ಆಡಲು ಆ ಎಮ್ಯುಲೇಟರ್ ಧಾರಾಳ ಸಾಕು. ಇನ್ನೊಂದನ್ನು ಹುಡುಕಿದೆ. 80 ಬಿಟ್‌ನ ಲೆಕ್ಕವನ್ನು ಪೂರ್ತಿ ಸಾಫ್ಟ್‌ವೇರಿನಲ್ಲೇ, ಒಂದೊಂದು ಬಿಟ್ಟನ್ನೂ ಕೈಯಲ್ಲಿ ಹಿಡಿದು ಮಾಡುವಂಥದ್ದು. ಬರ್ಕ್ಲಿಯಲ್ಲಿ ಜಾನ್ ಹೌಸರ್ ಬರೆದ ಸಾಫ್ಟ್‌ಫ್ಲೋಟ್ ಎಂಬ ಕೋಡ್ ಇಂಥ ಎಷ್ಟೋ ಎಮ್ಯುಲೇಟರುಗಳ ಹೊಟ್ಟೆಯೊಳಗಿದೆ. ಅದರಲ್ಲಿ ಓಡಿಸಿದೆ. ಚೆಕ್ ಸಾಲಿನಲ್ಲಿ ಬಂದದ್ದು ಅಪ್ಪಟ ಸೊನ್ನೆ.

ಉತ್ತರ ಹಾಳೆಗಿಂತ ಚೊಕ್ಕವಾಗಿತ್ತು. ಹಾಗಾಗಿಯೇ ನನಗೆ ಸಮಾಧಾನವಾಗಲಿಲ್ಲ. ದೊಡ್ಡಪ್ಪನ ಯಂತ್ರ ಕೊಟ್ಟದ್ದು ಸೊನ್ನೆಯಲ್ಲ. ನನಗೆ ಬೇಕಿದ್ದದ್ದು ಅವರ ಯಂತ್ರ ಹೇಳಿದ ಮಾತು. ಅದನ್ನು ತಿದ್ದಿ ಒಪ್ಪ ಮಾಡಿದ ಮಾತಲ್ಲ.

ಫೋನಿನಲ್ಲಿ ದೊಡ್ಡಮ್ಮನಿಗೆ ಹೇಳಿದೆ. ‘ಆ ಕಂಪ್ಯೂಟರು ಇನ್ನೂ ಮೂಲ್ಯಾಗೆ ಅದಪ್ಪ. ಗುಜರಿಯವ್ನು ಕೇಳಿದ್ದ, ಕೊಡಾಕ ಮನಸ್ ಬರ್ಲಿಲ್ಲ. ನೀನು ಬಂದು ತಗೊಂಡ್ ಹೋಗು’ ಅಂದರು. ಮುಂದಿನ ಶನಿವಾರವೇ ಹೋದೆ. 286ರ ಮಶೀನು. ಮುಚ್ಚಳ ಬಿಚ್ಚಿದರೆ 80286ರ ಪಕ್ಕದ ಸಾಕೆಟ್ಟಿನಲ್ಲಿ ಅದರ ಕೋಪ್ರೊಸೆಸರ್, ನಲವತ್ತು ಕಾಲಿನ 80287, ಕೂತಿತ್ತು. ಮದರ್‌ಬೋರ್ಡಿನ ಬ್ಯಾಟರಿ ಸೋರಿ ಸುತ್ತಲ ತಾಮ್ರವನ್ನು ಹಸಿರು ಮಾಡಿತ್ತು.

ಅದನ್ನು ವಿನೆಗರ್‌ನಲ್ಲಿ ತೊಳೆದು, ಕಡಿದುಹೋದ ಮೂರು ಟ್ರ್ಯಾಕುಗಳಿಗೆ ಸಣ್ಣ ತಂತಿ ಬೆಸೆದು, ಜೀವ ಬರಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಆ ಎರಡು ತಿಂಗಳಲ್ಲಿ ಈ ಚಿಪ್ಪುಗಳ ಚರಿತ್ರೆ ಓದುತ್ತಾ ಹೋದೆ. ಬರಿಯ ಸ್ಟ್ಯಾಂಡರ್ಡ್ ಓದಿ ಎಮ್ಯುಲೇಟರ್ ಬರೆದರೆ ಯಾಕೆ ಸಾಲದು ಎಂಬುದಕ್ಕೆ ಉತ್ತರ ಅಲ್ಲಿತ್ತು.

ಫ್ಲೋಟಿಂಗ್ ಪಾಯಿಂಟ್, ಅಂದರೆ ಅಂಕಿಗಳನ್ನೂ ಘಾತವನ್ನೂ ಬೇರೆಬೇರೆ ಇಟ್ಟುಕೊಂಡು ಮಾಡುವ ಲೆಕ್ಕಕ್ಕೆ ಜಗತ್ತೆಲ್ಲ ಒಪ್ಪಿದ ನಿಯಮ ಐಇಇಇ 754. ಅದು ಅಂಗೀಕಾರವಾದದ್ದು 1985ರಲ್ಲಿ. 80287ಕ್ಕಿಂತ ಹಿಂದಿನ ತಲೆಮಾರಿನ ಕೋಪ್ರೊಸೆಸರ್, ಇಂಟೆಲ್ 8087, ಬಂದದ್ದು 1980ರಲ್ಲಿ. ಮಗು ಮೊದಲು ಹುಟ್ಟಿತು, ಜಾತಕ ಆಮೇಲೆ ಬರೆದರು. ಎರಡರ ಹಿಂದೆಯೂ ಇದ್ದವರು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್. ಇಂಟೆಲ್‌ನ ಜಾನ್ ಪಾಮರ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡಿದ್ದರು. ಆ ಚಿಪ್ಪಿಗಾಗಿ ನಡೆದ ಯೋಚನೆಯೇ ಬಹುಪಾಲು ಸ್ಟ್ಯಾಂಡರ್ಡ್ ಆಯಿತು. 1989ರಲ್ಲಿ ಕಹಾನ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಆದರೆ ಕರಡಿನಿಂದ ಅಂತಿಮ ರೂಪಕ್ಕೆ ಬರುವಾಗ ಕೆಲವು ಸಂಗತಿಗಳು ಬಿದ್ದುಹೋದವು. ಚಿಪ್ಪಿನ ಸಿಲಿಕಾನ್ ಮೇಲೆ ಬರೆದದ್ದು ಬೀಳುವುದಿಲ್ಲ.

ಅನಂತದ್ದೇ ತೆಗೆದುಕೊಳ್ಳಿ. ಒಂದನ್ನು ಸೊನ್ನೆಯಿಂದ ಭಾಗಿಸಿದರೆ ಏನು ಎಂಬುದು ನಮ್ಮ ನೆಲದ ಹಳೆಯ ಪ್ರಶ್ನೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, ಸಂಖ್ಯೆ ಹಾಗೇ ಉಳಿಯುತ್ತದೆ ಎಂದ. 12ನೇ ಶತಮಾನದ ಭಾಸ್ಕರಾಚಾರ್ಯ ಅದನ್ನು ಖಹರ ಎಂದು ಕರೆದು, ಅದಕ್ಕೆ ಎಷ್ಟು ಕೂಡಿಸಿದರೂ ಕಳೆದರೂ ಬದಲಾಗದು ಎಂದ. 8087 ಎರಡು ಬಗೆಯ ಅನಂತಗಳನ್ನು ಬಲ್ಲದು. ಒಂದರಲ್ಲಿ ಸಂಖ್ಯೆಗಳ ರೇಖೆ ನೆಟ್ಟಗಿನ ರಸ್ತೆ. ಈ ತುದಿಗೆ ಋಣ ಅನಂತ, ಆ ತುದಿಗೆ ಧನ ಅನಂತ. ಇನ್ನೊಂದರಲ್ಲಿ ಆ ರೇಖೆಯನ್ನು ಬಳೆಯಂತೆ ಬಾಗಿಸಿ ಎರಡು ತುದಿಗಳನ್ನೂ ಬೆಸೆದಿರುತ್ತದೆ. ಧನಕ್ಕೂ ಋಣಕ್ಕೂ ಒಂದೇ ಅನಂತ. ಚಿಪ್ಪನ್ನು ಆರಂಭಿಸಿದಾಗ ತಾನಾಗಿ ಸಿಗುವುದು ಈ ಬಳೆ. 1985ರ ಸ್ಟ್ಯಾಂಡರ್ಡ್ ಬಳೆಯನ್ನು ಕೈಬಿಟ್ಟಿತು. ಹಾಗಾಗಿ ಮುಂದಿನ ತಲೆಮಾರಿನ, 1987ರ 80387 ರಸ್ತೆಯನ್ನು ಮಾತ್ರ ಬಲ್ಲದು. ಧನ ಅನಂತವನ್ನೂ ಋಣ ಅನಂತವನ್ನೂ ಹೋಲಿಸಿ ನೋಡಿದರೆ 8087 ಮತ್ತು 80287 ‘ಸಮ’ ಎನ್ನುತ್ತವೆ, 80387 ‘ಸಮವಲ್ಲ’ ಎನ್ನುತ್ತದೆ. ಮಶೀನಿನಲ್ಲಿ ಯಾವ ಕೋಪ್ರೊಸೆಸರ್ ಇದೆ ಎಂದು ಪತ್ತೆ ಮಾಡಲು ಆ ಕಾಲದ ಪ್ರೋಗ್ರಾಮುಗಳು ಈ ಪ್ರಶ್ನೆಯನ್ನೇ ಕೇಳುತ್ತಿದ್ದವು.

ನಾನೂ ಮೊದಲು ಅದನ್ನೇ ಕೇಳಿದೆ. 287 ಎಂಬ ಹೆಸರಿನಲ್ಲೇ ಮುಂದೆ 387ರ ಒಳತಿರುಳಿರುವ 287ಎಕ್ಸ್‌ಎಲ್ ಎಂಬುದೂ ಮಾರಾಟಕ್ಕೆ ಬಂದಿತ್ತು. ದೊಡ್ಡಪ್ಪನ ಚಿಪ್ಪಿನ ಮೇಲಿನ ಅಕ್ಷರ ಮಾಸಿದ್ದವು. ‘ಸಮ’ ಎಂದು ಬಂತು. ಹಳೆಯ ತಲೆಮಾರಿನದೇ.

ಇಷ್ಟರಲ್ಲಿ ಒಂದು ಮಶೀನಿನಿಂದ ಆಸೆ ತೀರದಾಗಿತ್ತು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಮೂರು ಭಾನುವಾರ ಅಲೆದು 286ಕ್ಕಿಂತ ಹಳೆಯ ಎಕ್ಸ್‌ಟಿ ಕಂಪ್ಯೂಟರಿನ ಒಂದು ತೈವಾನ್ ಬೋರ್ಡು ತಂದೆ, ಅದರಲ್ಲಿ 8088 ಪ್ರೊಸೆಸರಿನ ಜೊತೆ 8087. ಗೆಳೆಯರೊಬ್ಬರು 387 ಇದ್ದ ತಮ್ಮ 386 ಬೋರ್ಡು ಕೊಟ್ಟರು. ಊಟದ ಮೇಜು ಮೂರು ತಿಂಗಳು ಊಟಕ್ಕೆ ಸಿಗಲಿಲ್ಲ.

ಪರೀಕ್ಷೆಯ ಪ್ರೋಗ್ರಾಂ ಅಸೆಂಬ್ಲಿಯಲ್ಲಿ, ಅಂದರೆ ಚಿಪ್ಪಿನ ಆದೇಶಗಳನ್ನೇ ನೇರ ಬರೆಯುವ ಭಾಷೆಯಲ್ಲಿ, ಬರೆದೆ. ಎರಡು ಸಂಖ್ಯೆ ಕೊಡುವುದು, ಒಂದು ಲೆಕ್ಕ ಮಾಡಿಸುವುದು, ಬಂದ 10 ಬೈಟ್ ಉತ್ತರವನ್ನೂ ಚಿಪ್ಪಿನ ಸ್ಥಿತಿ ಹೇಳುವ 2 ಬೈಟ್ ಸ್ಟೇಟಸ್ ವರ್ಡನ್ನೂ ಹಾಗೇ, ದಶಮಾಂಶಕ್ಕೆ ತಿರುಗಿಸದೆ, ಸೀರಿಯಲ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಕಳಿಸುವುದು. ದಶಮಾಂಶಕ್ಕೆ ತಿರುಗಿಸುವುದೇ ಮತ್ತೊಂದು ಲೆಕ್ಕ. ಸಾಕ್ಷಿಯ ಮಾತನ್ನು ದುಭಾಷಿಯ ಬಾಯಿಂದ ಕೇಳಿದಂತೆ ಆಗಬಾರದು. ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರಿನ ಉತ್ತರಕ್ಕೂ ಇದಕ್ಕೂ ಬಿಟ್‌ಬಿಟ್ ಹೋಲಿಕೆ.

8087ರ ಮೇಲೆ ಮೊದಲ ರಾತ್ರಿ ಓಡಿಸಿದಾಗ ಒಂದೂ ತಾಳೆಯಾಗಲಿಲ್ಲ. ಕೂಡುವುದೂ ತಪ್ಪು! ಚಿಪ್ಪು ಸತ್ತಿದೆ ಎಂದೇ ಮಲಗಿದೆ. ಬೆಳಿಗ್ಗೆ ಕಾಫಿ ಹಿಡಿದು ಎರಡೂ ಪಟ್ಟಿ ನೋಡುವಾಗ ಕಂಡಿತು: ಎರಡನೇ ಪ್ರಶ್ನೆಗೆ ಬಂದದ್ದು ಮೊದಲನೆಯದರ ಉತ್ತರ, ಮೂರನೆಯದಕ್ಕೆ ಎರಡನೆಯದರದು. ಇಡೀ ಪಟ್ಟಿ ಒಂದು ಮನೆ ಜರುಗಿತ್ತು. 8087 ಎಂಬುದು 8088ರ ಪಕ್ಕ ಕೂತು, ಬಸ್ ಎಂಬ ಹಂಚಿಕೆಯ ತಂತಿಸಾಲಿನ ಮೇಲೆ ಹಾದುಹೋಗುವ ಆದೇಶಗಳನ್ನು ತಾನೂ ಓದುತ್ತ, ತನ್ನ ಪಾಲಿನದು ಬಂದಾಗ ಎತ್ತಿಕೊಂಡು ಬೇರೆಯಾಗಿ ಕೆಲಸ ಮಾಡುವ ಚಿಪ್ಪು. ಉತ್ತರವನ್ನು ಮೆಮರಿಗೆ ಬರೆಯಲು ಅದಕ್ಕೆ ಐವತ್ತಕ್ಕೂ ಹೆಚ್ಚು ಗಡಿಯಾರ ಮಿಡಿತ ಬೇಕು. 8088 ಕಾಯುವುದಿಲ್ಲ, ಎಫ್‌ವೇಟ್ ಎಂಬ ಆದೇಶ ಕೊಟ್ಟು ‘ನಿಲ್ಲು, ಅದು ಮುಗಿಸಲಿ’ ಎಂದು ನಾವೇ ಹೇಳಬೇಕು. ನಾನು ಹೇಳಿರಲಿಲ್ಲ. ಉತ್ತರ ಬಂದು ಬೀಳುವ ಮೊದಲೇ 8088 ಹೋಗಿ ಹಳೆಯದನ್ನು ಎತ್ತಿಕೊಂಡು ಬರುತ್ತಿತ್ತು.

ನನ್ನನ್ನು ಅಲುಗಿಸಿದ್ದು ಈ ತಪ್ಪಲ್ಲ. ಅದೇ ಪ್ರೋಗ್ರಾಂ ಎರಡೂ ಎಮ್ಯುಲೇಟರುಗಳಲ್ಲಿ ತಿಂಗಳಿಂದ ಸರಿಯಾಗಿ ಓಡಿತ್ತು. ಎಮ್ಯುಲೇಟರಿನೊಳಗೆ ಒಂದು ಆದೇಶ ಪೂರ್ತಿ ಮುಗಿದೇ ಮುಂದಿನದು ಶುರು. ನಿಜವಾದ 8087ರಲ್ಲಿ ಒಂದು ವರ್ಗಮೂಲಕ್ಕೆ 180ರಿಂದ 186 ಮಿಡಿತ, ಭಾಗಾಕಾರಕ್ಕೆ 193ರಿಂದ 203. 4.77 ಮೆಗಾಹರ್ಟ್ಸ್ ಗಡಿಯಾರದಲ್ಲಿ ಒಂದು ವರ್ಗಮೂಲ ಎಂದರೆ 38 ಮೈಕ್ರೊಸೆಕೆಂಡು. ಆ 38 ಮೈಕ್ರೊಸೆಕೆಂಡುಗಳಲ್ಲಿ 8088 ತನ್ನ ಪಾಡಿಗೆ ಏನೇನೋ ಮಾಡಿ ಮುಗಿಸಿರುತ್ತದೆ. ಈ ಎರಡು ಚಿಪ್ಪುಗಳ ನಡುವಿನ ಸಮಯ ಎಂಬುದು ನನ್ನ ಎಮ್ಯುಲೇಟರುಗಳ ಜಗತ್ತಿನಲ್ಲಿ ಇರಲೇ ಇಲ್ಲ. ಸ್ಟ್ಯಾಂಡರ್ಡಿನಲ್ಲೂ ಅದರ ಮಾತಿಲ್ಲ.

ಎಫ್‌ವೇಟ್ ಹಾಕಿದ ಮೇಲೆ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಎಲ್ಲವೂ ಸಾಫ್ಟ್‌ಫ್ಲೋಟ್ ಜೊತೆ ಅಚ್ಚುಕಟ್ಟಾಗಿ ತಾಳೆಯಾದವು. ಆಗಲೇಬೇಕು. ಈ ಐದಕ್ಕೆ ನಿಯಮ ಕಟ್ಟುನಿಟ್ಟು: ನಿಜವಾದ ಉತ್ತರವನ್ನು ಪೂರ್ತಿ ಕಂಡಂತೆ ಮಾಡಿ, ಕೊನೆಯಲ್ಲಿ ಒಂದೇ ಸಲ ದುಂಡು ಮಾಡಬೇಕು. ಹಾಗಾಗಿ ಎಲ್ಲರಿಗೂ ಉತ್ತರ ಒಂದೇ. ನಾಲ್ಕು ದುಂಡು ಮಾಡುವ ರೀತಿಗಳು, ಮೂರು ನಿಖರತೆಗಳು, ಎಲ್ಲವನ್ನೂ ಓಡಿಸಿದೆ.

ಅಂಚಿಗೆ ಹೋದಾಗ ಬಿರುಕು ಕಾಣತೊಡಗಿತು. 80 ಬಿಟ್‌ನ ರೂಪದಲ್ಲಿ ಅಂಕಿಗಳ ಮೊದಲ ಬಿಟ್ ಕಣ್ಣಿಗೆ ಕಾಣುವಂತೆ ಬರೆದಿರುತ್ತದೆ, ಸಾಮಾನ್ಯವಾಗಿ ಅದು 1. ಬೇಕೆಂದೇ ಅಂಕಿಗಳನ್ನು ಒಂದು ಸ್ಥಾನ ಬಲಕ್ಕೆ ಜರುಗಿಸಿ, ಆ ಮೊದಲ ಜಾಗಕ್ಕೆ 0 ಇಟ್ಟು, ಘಾತವನ್ನು ಒಂದು ಏರಿಸಿ ಬರೆದರೆ ಅದೇ ಬೆಲೆಯ ಸಂಖ್ಯೆಗೆ ಇನ್ನೊಂದು ವೇಷ ಸಿಗುತ್ತದೆ. ಅನ್‌ನಾರ್ಮಲ್ ಎನ್ನುತ್ತಾರೆ. ಮುಂಚಿನ ಲೆಕ್ಕಗಳಲ್ಲಿ ಎಷ್ಟು ನಿಖರತೆ ಕಳೆದುಹೋಗಿದೆ ಎಂಬುದರ ಗುರುತನ್ನು ಸಂಖ್ಯೆಯೇ ಹೊತ್ತು ಸಾಗಲಿ ಎಂಬುದು ಅದರ ಹಿಂದಿನ ಯೋಚನೆ. 8087 ಅದನ್ನು ಸಂಖ್ಯೆಯೆಂದೇ ಸ್ವೀಕರಿಸಿ ಲೆಕ್ಕ ಮಾಡುತ್ತದೆ. 387 ‘ಇದು ಅಸಿಂಧು’ ಎಂದು ಹಿಂದಿರುಗಿಸುತ್ತದೆ. ಎಮ್ಯುಲೇಟರಿನಲ್ಲಿ 8087 ಎಂದು ಆರಿಸಿಕೊಂಡಿದ್ದರೂ ಅದು 387ರ ಹಾಗೆ ಹಿಂದಿರುಗಿಸುತ್ತಿತ್ತು. ನ್ಯಾನ್ ಎಂದು ಕರೆಯುವ, ಸಂಖ್ಯೆಯಲ್ಲದ ಉತ್ತರಗಳ ವಿಚಾರದಲ್ಲೂ ಹೀಗೆಯೇ; ಸದ್ದು ಮಾಡುವ ನ್ಯಾನ್, ಸುಮ್ಮನಿರುವ ನ್ಯಾನ್ ಎಂಬ ಭೇದ 387ರಿಂದ ಈಚಿನದು. ಪೈ ಬೆಲೆಯನ್ನು ಕೊಡುವ ಒಂದು ಆದೇಶವಿದೆ. ಪೈಯ 64 ಬಿಟ್‌ಗಳಲ್ಲಿ ಕೊನೆಯ ನಾಲ್ಕು 0100, ಅದರ ಮುಂದೆ ಉಳಿಯುವುದು ಅರ್ಧಕ್ಕಿಂತ ಹೆಚ್ಚು, ಆದ್ದರಿಂದ ಹತ್ತಿರಕ್ಕೆ ದುಂಡು ಮಾಡಿದರೆ 0101. ಕೆಳಕ್ಕೆ ದುಂಡು ಮಾಡು ಎಂದು ಮೊದಲೇ ಹೇಳಿಟ್ಟರೆ 387 ವಿಧೇಯವಾಗಿ 0100 ಕೊಡುತ್ತದೆ. 8087ಕ್ಕೆ ಏನು ಹೇಳಿದರೂ 0101ಯೇ. ಒಂದು ಬಿಟ್! ಎಮ್ಯುಲೇಟರ್ ಇಲ್ಲೂ 387ರ ಪಕ್ಷ.

ಇವೆಲ್ಲ ಇಂಟೆಲ್ ಕೈಪಿಡಿಯಲ್ಲೇ ಇವೆ ಎಂದು ಆಮೇಲೆ ನೋಡಿದೆ, ಹಿಂಬದಿಯ ಹೊಂದಾಣಿಕೆಯ ಅಧ್ಯಾಯದಲ್ಲಿ ಸಣ್ಣ ಅಕ್ಷರದಲ್ಲಿ. ಎಫ್‌ಪ್ರೆಮ್ ಎಂಬ ಶೇಷ ತೆಗೆಯುವ ಆದೇಶದಲ್ಲಿ ಹಳೆಯ ಚಿಪ್ಪುಗಳು ಕೆಲವು ಸಂದರ್ಭಗಳಲ್ಲಿ ಭಾಗಲಬ್ಧದ ಕೊನೆಯ ಬಿಟ್‌ಗಳನ್ನು ತಪ್ಪಾಗಿ ತೋರಿಸುತ್ತವೆ ಎಂಬುದನ್ನೂ ಅವರೇ ಬರೆದಿಟ್ಟಿದ್ದಾರೆ.

ಎಮ್ಯುಲೇಟರ್ ಬರೆಯುವವರಿಗೆ ಇದು ಯಾಕೆ ಕಾಣಲಿಲ್ಲ? ಅವರನ್ನು ದೂರುವ ಮನಸ್ಸು ನನಗಿಲ್ಲ. ಅಷ್ಟು ದೊಡ್ಡ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ನಾವೆಲ್ಲ ಸಾಮಾನ್ಯವಾಗಿ ತಾಳೆ ನೋಡುವುದು ನಮ್ಮ ಕೈಲಿರುವ ಇವತ್ತಿನ ಪ್ರೊಸೆಸರಿನ ಜೊತೆಗೆ. ಅದರೊಳಗೆ 387ರ ವಂಶ ಇನ್ನೂ ಇದೆ. ಮೊಮ್ಮಗನನ್ನು ಕೇಳಿ ಅಜ್ಜನ ನಡಿಗೆ ಬರೆದಂತೆ. ಪರೀಕ್ಷಾ ಸಾಧನಗಳಿಗೆ ಬರವಿಲ್ಲ. ಹೌಸರ್ ಅವರದೇ ಟೆಸ್ಟ್‌ಫ್ಲೋಟ್ ಇದೆ. ಕಹಾನ್ ಬಹಳ ಹಿಂದೆಯೇ ಪ್ಯಾರಾನಾಯಾ ಎಂಬ ಪ್ರೋಗ್ರಾಂ ಬರೆದಿದ್ದರು. ಅವು ಕೇಳುವುದು ‘ಈ ಲೆಕ್ಕ ನಿಯಮಕ್ಕೆ ಸರಿಯೇ’ ಎಂದು. ನಿಯಮಕ್ಕಿಂತ ಮುಂಚೆ ಹುಟ್ಟಿದ ಚಿಪ್ಪಿನ ವಿಚಾರದಲ್ಲಿ ಆ ಪ್ರಶ್ನೆಯೇ ಬೇರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯಲ್ಲಿ ಎರಡೂ ಬೇಕು. ಇಲ್ಲಿ ಪ್ರಮಾಣ ಧಾರಾಳವಿತ್ತು, ಪ್ರತ್ಯಕ್ಷ ಇರಲಿಲ್ಲ.

ಹಾಗೆಂದು ಪ್ರತ್ಯಕ್ಷವನ್ನು ಪೂರ್ತಿ ನೋಡಿ ಮುಗಿಸಲೂ ಆಗದು. 9600 ಬಾಡ್ ಸೀರಿಯಲ್ ಕೇಬಲ್ಲಿನಲ್ಲಿ ಸೆಕೆಂಡಿಗೆ 80 ಉತ್ತರ ಬಂದರೆ ಹೆಚ್ಚು. ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 23 ಲಕ್ಷ. ಪೆಂಟಿಯಂ ಚಿಪ್ಪಿನ ಹೆಸರಾಂತ ಭಾಗಾಕಾರದ ದೋಷ ನೆನಪಿಸಿಕೊಳ್ಳಿ. 1994ರಲ್ಲಿ ವರ್ಜೀನಿಯಾದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುವಾಗ ಅದನ್ನು ಕಂಡರು. ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಇಟ್ಟಿದ್ದ ಕೋಷ್ಟಕದಲ್ಲಿ ಕೆಲವು ಮನೆಗಳು ಖಾಲಿ ಉಳಿದಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ 1.33374 ಬರುತ್ತಿತ್ತು. ಯಾದೃಚ್ಛಿಕವಾಗಿ ಎತ್ತಿಕೊಂಡ ಸಂಖ್ಯೆಗಳಲ್ಲಿ 900 ಕೋಟಿಗೊಮ್ಮೆ ಇದು ಎದುರಾದೀತು ಎಂದು ಇಂಟೆಲ್ ಹೇಳಿತ್ತು. ನನ್ನ ಕೇಬಲ್ಲಿನ ಲೆಕ್ಕದಲ್ಲಿ ಅದು ಹತ್ತು ವರ್ಷಕ್ಕೂ ಹೆಚ್ಚಿನ ರಾತ್ರಿಗಳು. ಕುರುಡಾಗಿ ಹುಡುಕಿದರೆ ಸಿಗದು. ಕಷ್ಟದ ಸಂಖ್ಯೆಗಳನ್ನು, ಸರಿಯಾಗಿ ಅರ್ಧದಲ್ಲಿ ಬಂದು ನಿಲ್ಲುವಂಥವನ್ನು, 1ರ ಉದ್ದನೆಯ ಸಾಲಿರುವವನ್ನು, ಸೊನ್ನೆಯ ಹೊಸ್ತಿಲಲ್ಲಿರುವವನ್ನು ಹುಡುಕಿ ಕೊಡಬೇಕು. ಚಿಪ್ಪು ಒಳಗೆ ಹೇಗೆ ಯೋಚಿಸುತ್ತದೆ ಎಂದು ಊಹಿಸದೆ ಅದಕ್ಕೆ ಒಳ್ಳೆಯ ಪ್ರಶ್ನೆ ಕೇಳಲಾಗುವುದಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಈ ಊಹೆಯ ಭಾಗವೇ.

ತ್ರಿಕೋನಮಿತಿಗೆ ಬಂದಾಗ ನಿಯಮವೇ ಕೈಬಿಡುತ್ತದೆ. ಟ್ಯಾಂಜೆಂಟ್, ಆರ್ಕ್‌ಟ್ಯಾನ್, ಲಾಗರಿದಂಗಳ ಕೊನೆಯ ಬಿಟ್ ಹೇಗಿರಬೇಕೆಂದು 1985ರ ಸ್ಟ್ಯಾಂಡರ್ಡ್ ಹೇಳಲೇ ಇಲ್ಲ. ಇಂಥ ಫಲನಗಳ ಉತ್ತರವನ್ನು ಎಷ್ಟು ಅಂಕಿಗಳವರೆಗೆ ಲೆಕ್ಕ ಹಾಕಿದರೆ ಧೈರ್ಯವಾಗಿ ದುಂಡು ಮಾಡಬಹುದು ಎಂಬುದು ಮೊದಲೇ ತಿಳಿಯದು. ಕೋಷ್ಟಕ ಬರೆಯುವವನ ಇಕ್ಕಟ್ಟು ಎಂದು ಇದಕ್ಕೆ ಹೆಸರಿಟ್ಟವರೂ ಕಹಾನ್. ಆದ್ದರಿಂದ ಪ್ರತಿ ಚಿಪ್ಪಿಗೂ ತನ್ನದೇ ದಾರಿ. 8087 ಕಾರ್ಡಿಕ್ ಎಂಬ ವಿಧಾನ ಹಿಡಿದಿದೆ. ಕೋನವನ್ನು ದೊಡ್ಡದರಿಂದ ಸಣ್ಣದಕ್ಕೆ ಮೊದಲೇ ಗೊತ್ತಿರುವ ತಿರುವುಗಳಾಗಿ ಒಡೆಯುವುದು, ಪ್ರತಿ ತಿರುವಿಗೂ ಬರಿ ಕೂಡು-ಕಳೆ ಮತ್ತು ಸ್ಥಾನ ಜರುಗಿಸುವುದು. ಗುಣಾಕಾರ ದುಬಾರಿಯಾಗಿದ್ದ ಕಾಲಕ್ಕೆ ಹೇಳಿ ಮಾಡಿಸಿದ್ದು. ಆ ತಿರುವುಗಳ ಪಟ್ಟಿಯನ್ನು ಚಿಪ್ಪಿನ ರೋಮ್‌ನಲ್ಲಿ, ಅಂದರೆ ಅಳಿಸಲಾಗದ ಮೆಮರಿಯಲ್ಲಿ, ಕೆತ್ತಿದೆ. ಕೆನ್ ಶಿರಿಫ್ ಎಂಬವರು 8087ನ್ನು ಬಿಚ್ಚಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಆ ಸಂಖ್ಯೆಗಳನ್ನು ಒಂದೊಂದಾಗಿ ಓದಿ ಪ್ರಕಟಿಸಿದ್ದಾರೆ. ಆ ಚಿತ್ರಗಳನ್ನು ನೋಡುತ್ತ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಪೆಂಟಿಯಂ ಹೊತ್ತಿಗೆ ಇಂಟೆಲ್ ಈ ದಾರಿ ಬಿಟ್ಟು ಬಹುಪದಗಳ ದಾರಿ ಹಿಡಿಯಿತು.

387ರಲ್ಲಿ ಸೈನ್‌ಗೆ ನೇರ ಆದೇಶವೇ ಬಂತು. ಅದಕ್ಕೂ ಅದರ ವಂಶದವಕ್ಕೂ ಒಳಗಿರುವ ಪೈ 66 ಬಿಟ್‌ನದು. ಪೈಗೆ ಬಹಳ ಹತ್ತಿರದ ಕೋನ ಕೊಟ್ಟರೆ ಆ ಪೈ ಸಾಲದಾಗುತ್ತದೆ. ಡಬಲ್‌ನಲ್ಲಿ ಬರೆದ ಪೈಯ ಸೈನ್ 1.2246468 × 10⁻¹⁶ ಆಗಬೇಕು, ಚಿಪ್ಪು ಕೊಡುವುದು 1.2246064 × 10⁻¹⁶. ಐದಂಕಿ ಆದ ಮೇಲೆ ದಾರಿ ಬೇರೆ. ದೋಷ ಅಷ್ಟಿರದು ಎಂದು ಕೈಪಿಡಿ ಬಹುಕಾಲ ಹೇಳುತ್ತಿತ್ತು. 2014ರಲ್ಲಿ ಹೊರಗಿನವರು ತೋರಿಸಿಕೊಟ್ಟ ಮೇಲೆ ಇಂಟೆಲ್ ಆ ಮಾತನ್ನು ತಿದ್ದಿತು.

ಆಫೀಸಿನಲ್ಲಿ ಇದನ್ನೆಲ್ಲ ಹೇಳಿದಾಗ ಸಹೋದ್ಯೋಗಿಯೊಬ್ಬಳು ಕೇಳಿದಳು: ‘ಸರಿ ಉತ್ತರ ನಮಗೆ ಗೊತ್ತಿರೋವಾಗ ತಪ್ಪನ್ನ ಯಾಕೆ ನಕಲು ಮಾಡ್ಬೇಕು?’ ಆಗ ಸರಿಯಾಗಿ ಉತ್ತರಿಸಲಾಗಲಿಲ್ಲ. ಈಗ ಹೇಳಬಲ್ಲೆ. ಸೇತುವೆಯ ಲೆಕ್ಕಕ್ಕೆ ಸರಿ ಉತ್ತರ ಬೇಕು. ಎಮ್ಯುಲೇಟರ್ ಇರುವುದು ಸೇತುವೆಗಲ್ಲ. ಒಂದು ಯಂತ್ರ ಹೀಗಿತ್ತು ಎಂದು ಹೇಳುವುದಕ್ಕೆ. ಶಾಸನ ಓದುವವರು ಕಲ್ಕುಟಿಗ ಮಾಡಿದ ಅಕ್ಷರದೋಷವನ್ನು ತಿದ್ದಿ ಬರೆದುಕೊಳ್ಳುವುದಿಲ್ಲ, ಇದ್ದ ಹಾಗೆ ಪಡಿಯಚ್ಚು ತೆಗೆಯುತ್ತಾರೆ. ಅದರ ಮೇಲೆ, ಆ ಕೊನೆಯ ಬಿಟ್‌ಗಳನ್ನು ನಂಬಿ ಬದುಕಿದ ಪ್ರೋಗ್ರಾಮುಗಳೂ ಇವೆ. ನಿಂಟೆಂಡೊದ ಗೇಮ್‌ಕ್ಯೂಬ್ ಮತ್ತು ವೀ (Wii) ಎಂಬ ವಿಡಿಯೋ ಗೇಮ್ ಯಂತ್ರಗಳ ಆಟಗಳಲ್ಲಿ ರೇಸಿನ ಮರುಪ್ರದರ್ಶನ ಎಂದರೆ ವಿಡಿಯೋ ಅಲ್ಲ, ಒತ್ತಿದ ಗುಂಡಿಗಳ ದಾಖಲೆ. ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೆ ಕಾರು ಮೂರನೇ ಸುತ್ತಿಗೆ ಗೋಡೆಗೆ ಹೊಡೆಯುತ್ತದೆ. ಆ ಯಂತ್ರಗಳನ್ನು ನಕಲು ಮಾಡುವ ಡಾಲ್ಫಿನ್ ಎಮ್ಯುಲೇಟರಿನವರು ಅದಕ್ಕಾಗಿ ನಿಜವಾದ ಯಂತ್ರದ ಮೇಲೆ ಪರೀಕ್ಷೆಗಳನ್ನು ಓಡಿಸಿ, ಅದರ ಪ್ರೊಸೆಸರ್ ಅಂದಾಜು ಉತ್ತರಗಳಿಗೆ ಬಳಸುವ 32 ಮನೆಗಳ ಕೋಷ್ಟಕವನ್ನು ಹೊರತೆಗೆದು ತಮ್ಮ ಕೋಡಿಗೆ ಸೇರಿಸಿಕೊಂಡರು.

ನಾನು ಕಂಡದ್ದನ್ನೆಲ್ಲ, ಉತ್ತರಗಳ ಫೈಲುಗಳ ಸಮೇತ, ಎಮ್ಯುಲೇಟರಿನವರಿಗೆ ಕಳಿಸಿದೆ. ಬಳೆಯ ಅನಂತ ಮತ್ತು ಪೈಯ ಆ ಒಂದು ಬಿಟ್ ಸರಿಯಾಯಿತು. ಆರ್ಕ್‌ಟ್ಯಾನ್ ಇನ್ನೂ ಬಾಕಿ ಇದೆ.

ಇಷ್ಟೆಲ್ಲ ಆಗುವವರೆಗೆ ದೊಡ್ಡಪ್ಪನ ಪ್ರೋಗ್ರಾಮನ್ನು ಅವರ ಮಶೀನಿನಲ್ಲಿ ಓಡಿಸದೆ ಉಳಿಸಿಕೊಂಡಿದ್ದೆ. ಮೊದಲು ಚಿಪ್ಪಿನ ಮೇಲೆ ನಂಬಿಕೆ ಕೂರಬೇಕಿತ್ತು. ಯುಗಾದಿಯ ಹಿಂದಿನ ರಾತ್ರಿ ಓಡಿಸಿದೆ. ಅದೇ ಅಳತೆಗಳು, ಅದೇ 286, ಅದೇ 287. ಆರ್ಕ್‌ಟ್ಯಾನ್ ಹಾದು ಬರುವ ಗುಮ್ಮಟದ ಕೋನಗಳು ಸರಿ, ಭಾರಗಳು ಸರಿ. ಚೆಕ್ ಸಾಲು: 5.55111512312578 × 10⁻¹⁷.

ಹಾಳೆಯಲ್ಲಿದ್ದದ್ದರ ನೇರ ಎರಡರಷ್ಟು. 2⁻⁵⁴. ಒಂದು ಬಿಟ್ ಇರಬೇಕಾದಲ್ಲಿ ಎರಡು.

ಹತ್ತು ಸಲ ಓಡಿಸಿದೆ. ಹತ್ತು ಸಲವೂ ಅದೇ. 287ನ್ನು ತೆಗೆದು ಕಾಲು ಒರೆಸಿ ಮತ್ತೆ ಕೂರಿಸಿದೆ. ಅಳತೆಗಳನ್ನು ಹಾಳೆಯೊಡನೆ ಅಂಕಿ ಅಂಕಿಯಾಗಿ ತಾಳೆ ನೋಡಿದೆ. ಪ್ರೋಗ್ರಾಮನ್ನು ಆಮೇಲೆ ಅವರು ತಿದ್ದಿರಬಹುದೆಂದು ಫೈಲಿನ ತಾರೀಖು ನೋಡಿದೆ, ಹಾಳೆಗಿಂತ ಹಳೆಯದು. ಮೂರು ವಾರ ಇದೇ ಆಯಿತು. ಚಿಪ್ಪು ವಯಸ್ಸಾಗಿ ಒಂದು ಬಿಟ್ ತಪ್ಪುತ್ತಿದೆಯೇ ಎಂಬ ಅನುಮಾನವೂ ಬಂತು. ಆದರೆ ಎಸ್‌.ಪಿ. ರೋಡಿನ 8087 ಕೂಡ 5.55 ಎಂದೇ ಹೇಳಿತು.

ದೊಡ್ಡಮ್ಮನಿಗೆ ಫೋನ್ ಮಾಡಿದಾಗ ಸುಮ್ಮನೆ ಕೇಳಿದೆ, ಆ ಕಂಪ್ಯೂಟರಿಗೆ ಆಮೇಲೆ ಏನಾದರೂ ಹಾಕಿಸಿದ್ದರಾ ಎಂದು. ‘ಏನೋ ಒಂದು ಸಣ್ಣ ಬಿಲ್ಲೆ ತರ್ಸಿದ್ರಪ್ಪ ಬೆಂಗ್ಳೂರಿಂದ. ಅಷ್ಟು ರೊಕ್ಕ ಕೊಟ್ಟು ಇಷ್ಟು ಸಣ್ಣದಾ ಅಂತ ನಾನು ಬೈದಿದ್ದೆ’ ಅಂದರು. ಬಿಲ್ಲು ಅದೇ ಟ್ರಂಕಿನ ತಳದಲ್ಲಿ, ಫ್ಲಾಪಿ ಡಬ್ಬಿಯ ರಟ್ಟಿನ ಕೆಳಗೆ ಇತ್ತು. 80287, ಒಂದು. ತಾರೀಖು 1991ರ ಜನವರಿ. ಹಾಳೆಯ ತಲೆಯ ಮೇಲಿನ ತಾರೀಖು 1990ರ ಮಾರ್ಚ್.

ಆ ಹಾಳೆ ಅಚ್ಚಾದಾಗ ಮಶೀನಿನಲ್ಲಿ 287 ಇರಲಿಲ್ಲ. ಕೋಪ್ರೊಸೆಸರ್ ಇಲ್ಲದವರಿಗಾಗಿ ಟರ್ಬೋ ಪ್ಯಾಸ್ಕಲ್ 8087ರ ಕೆಲಸವನ್ನು ಸಾಫ್ಟ್‌ವೇರಿನಲ್ಲೇ ಮಾಡಿಕೊಡುವ ಸೌಲಭ್ಯ ಕೊಟ್ಟಿತ್ತು. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಎನ್ ಪ್ಲಸ್, ಇ ಪ್ಲಸ್ ಎಂದು ಬರೆದರಾಯಿತು. ಚಿಪ್ಪು ಇದ್ದರೆ ಚಿಪ್ಪು, ಇಲ್ಲದಿದ್ದರೆ ಎಮ್ಯುಲೇಶನ್. ದೊಡ್ಡಪ್ಪನ ಪ್ರೋಗ್ರಾಮಿನ ಮೊದಲ ಸಾಲು ಅದೇ. ನಾನು ಅಷ್ಟು ತಿಂಗಳು ನಿಜವಾದ ಚಿಪ್ಪಿನ ಗುರುತೆಂದು ಬೆನ್ನು ಹತ್ತಿದ್ದ ಆ 2⁻⁵⁵, 1990ರ ಒಂದು ಎಮ್ಯುಲೇಟರಿನ ಗುರುತು.

ಚಿಪ್ಪು ಇದ್ದರೂ ಇಲ್ಲವೆಂದೇ ತಿಳಿ ಎಂದು ಟರ್ಬೋ ಪ್ಯಾಸ್ಕಲ್ ಪ್ರೋಗ್ರಾಮುಗಳಿಗೆ ಹೇಳಲು ಡಾಸ್‌ನಲ್ಲಿ ಒಂದು ಸಾಲು ಸಾಕು. ಸೆಟ್ 87=ಎನ್ ಎಂದು ಟೈಪ್ ಮಾಡಿ, ಪ್ರೋಗ್ರಾಂ ಓಡಿಸಿದೆ. 287 ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಮೊದಲು ಕ್ಷಣಾರ್ಧದಲ್ಲಿ ಬರುತ್ತಿದ್ದ ಸಾಲುಗಳು ಈಗ ಒಂದೊಂದಾಗಿ, ತಡೆದು ತಡೆದು ಪರದೆಯ ಮೇಲೆ ಬಂದವು. ಗುಮ್ಮಟದ ಕೋನ. ರಿಂಗ್ ಬೀಮಿನ ಎಳೆತ. ಕಂಬಗಳ ಭಾರ. ಕೊನೆಗೆ ಚೆಕ್: 2.77555756156289 × 10⁻¹⁷.